ಮದ್ದುಸೊಪ್ಪಿನ ಬಣ್ಣ

ಜೂನ್ 5, ಗುರುವಾರ

ಆಸ್ಪತ್ರೆಯವರು ಒಂದು ನೋಟ್‌ಬುಕ್ ಕೊಟ್ಟಿದ್ದಾರೆ. ಜ್ವರ ಎಷ್ಟಿತ್ತು, ಎಷ್ಟು ನೀರು ಕುಡಿದೆ, ಎಷ್ಟು ಸಲ ವಾಂತಿ, ಎಲ್ಲ ಅದರಲ್ಲಿ ಬರೆಯಬೇಕಂತೆ. ಇಪ್ಪತ್ತಾರು ವರ್ಷ ಅಂಗನವಾಡಿಯಲ್ಲಿ ಊರ ಮಕ್ಕಳ ತೂಕ, ಎತ್ತರ ಬರೆದವಳಿಗೆ ಅದೇನು ಮಹಾ ಕಷ್ಟವಲ್ಲ. ಅದು ಅವರಿಗೆ. ಈ ಪುಸ್ತಕ ನನಗೆ. ಯಾರಾದರೂ ಕದ್ದು ಓದಿದರೆ ಕೈ ಮುರಿಯುತ್ತೇನೆ ಎಂದು ಮೊದಲ ಪುಟದಲ್ಲೇ ಬರೆದಿಡುತ್ತಿದ್ದೇನೆ.

ಕಾಯಿಲೆಯ ಹೆಸರು ಮಲ್ಟಿಪಲ್ ಮೈಲೋಮಾ. ರಕ್ತದ ಕ್ಯಾನ್ಸರ್, ಆದರೆ ವಾಸ ಮೂಳೆಯೊಳಗಿನ ಮಜ್ಜೆಯಲ್ಲಿ. ಎಂಟು ತಿಂಗಳು ಬೆನ್ನು ನೋವು ಅಂತ ಒದ್ದಾಡಿದೆ. ಮಕ್ಕಳನ್ನು ಎತ್ತಿ ಎತ್ತಿ ಹೀಗಾಗಿದೆ ಅಂದರು ಪಕ್ಕದ ಮನೆಯ ರುದ್ರಮ್ಮ. ನಮ್ಮ ಮನೆಯವರು ಪಾಪ ದಿನಾ ಎಣ್ಣೆ ತಿಕ್ಕಿದರು. ಏಪ್ರಿಲ್‌ನಲ್ಲಿ ಅಂಗನವಾಡಿಯ ಅಕ್ಕಿ ಡಬ್ಬಿ ಎತ್ತಲು ಬಗ್ಗಿದವಳು ಏಳಲೇ ಇಲ್ಲ. ಬೆನ್ನಿನ ಒಂದು ಮೂಳೆ ಕುಸಿದಿತ್ತು. ಆಗ ಗೊತ್ತಾದದ್ದು.

ಈಗ ಪ್ರತಿ ಗುರುವಾರ ನಮ್ಮೂರು ನೆಲ್ಯಹುದಿಕೇರಿಯಿಂದ ಮೈಸೂರಿಗೆ. ಹೊಟ್ಟೆಗೆ ಒಂದು ಇಂಜೆಕ್ಷನ್, ನುಂಗಲು ಒಂದು ಹಿಡಿ ಮಾತ್ರೆ, ತಿಂಗಳಿಗೊಮ್ಮೆ ಮೂಳೆಗೆ ಅಂತ ಬೇರೆ ಡ್ರಿಪ್. ಇವತ್ತು ಡಾಕ್ಟರ್ ಅನುಶ್ರೀಯನ್ನು ಕೇಳಿಯೇಬಿಟ್ಟೆ. "ಆ ದರಿದ್ರದ ಸೆಲ್ ಸಾಯಿಸೋದಕ್ಕೆ ಒಂದು ಮದ್ದು ಸಾಕಲ್ವಾ? ಮೂಳೆಗೆ ಯಾಕೆ ಬೇರೆ?" ಕುಶಾಲನಗರದ ಹುಡುಗಿ, ನನ್ನ ಮಾತಿಗೆ ಬೇಜಾರು ಮಾಡಿಕೊಳ್ಳುವುದಿಲ್ಲ. ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದಳು.

ಮಜ್ಜೆಯಲ್ಲಿ ಕ್ಯಾನ್ಸರ್ ಸೆಲ್ ಒಂಟಿಯಾಗಿ ಬದುಕುವುದಿಲ್ಲವಂತೆ. ಸುತ್ತ ತುಂಬ ಜನ ಇದ್ದಾರೆ. ಹಳೆ ಮೂಳೆ ಕರಗಿಸುವ ಸೆಲ್‌ಗಳು, ಹೊಸ ಮೂಳೆ ಕಟ್ಟುವ ಸೆಲ್‌ಗಳು, ರಕ್ತನಾಳದವು, ಕಾವಲಿನವು. ಕ್ಯಾನ್ಸರ್ ಸೆಲ್ ಮೂಳೆ ಕರಗಿಸುವವರಿಗೆ ಇನ್ನಷ್ಟು ಕರಗಿಸಿ ಅನ್ನುತ್ತದೆ, ಕಟ್ಟುವವರನ್ನು ಸುಮ್ಮನಿರಿಸುತ್ತದೆ. ಮೂಳೆ ಕರಗಿದಾಗ ಅದರಿಂದ ಹೊರಬರುವ ಸತ್ವವನ್ನೇ ತಿಂದು ತಾನು ಬೆಳೆಯುತ್ತದೆ. ರಕ್ತನಾಳದವು ಅದಕ್ಕೆ ಹೊಸ ದಾರಿ ಮಾಡಿಕೊಡುತ್ತವೆ. ಇನ್ನು ಕೆಲವು ಅದನ್ನು ತಬ್ಬಿಕೊಂಡು ಮದ್ದು ತಾಗದ ಹಾಗೆ ಕಾಯುತ್ತವೆ.

"ಅಂದ್ರೆ ಅವೂ ಕಳ್ಳರೇ ಆದ್ವಲ್ಲ" ಅಂದೆ.

"ಇಲ್ಲಮ್ಮ, ಅವು ಕೆಟ್ಟವಲ್ಲ. ಅವುಗಳ ದಿನದ ಕೆಲಸ ಅವು ಮಾಡ್ತಾ ಇವೆ. ಇದು ಅದನ್ನೇ ಬಳಸ್ಕೊಳ್ತದೆ, ಅಷ್ಟೇ. ಅದಕ್ಕೇ ನಾವು ಸೆಲ್‌ಗೆ ಒಂದು ಮದ್ದು ಕೊಟ್ರೆ ಅದರ ಅಕ್ಕಪಕ್ಕಕ್ಕೂ ಒಂದು ಕೊಡೋದು."

ಕಳ್ಳನಿಗೆ ಅನ್ನ ಹಾಕಿ, ಹಾಸಿಗೆ ಹಾಸಿ ಕೊಟ್ಟವರು ಕೆಟ್ಟವರಲ್ಲವಂತೆ! ನನಗಂತೂ ಒಪ್ಪಿಗೆ ಇಲ್ಲ. ಚೀಟಿ ಮಾತ್ರ ತಂದಿಟ್ಟುಕೊಂಡಿದ್ದೇನೆ.

ಜೂನ್ 9, ಸೋಮವಾರ

ಕಾಯಿಲೆಗಿಂತ ನಾದಿನಿಯದು ದೊಡ್ಡ ಕಾಟ.

ನಮ್ಮ ಮನೆಯವರ ತಂಗಿ. ಗಂಡ ತೀರಿಕೊಂಡ ಮೇಲೆ ನಾಲ್ಕು ವರ್ಷದಿಂದ ನಮ್ಮಲ್ಲೇ ಇದ್ದಾಳೆ. ಹಿಂದಿನ ಕೋಣೆಯಲ್ಲಿ ಓವನ್ ಇಟ್ಟುಕೊಂಡು ಕೇಕ್ ಮಾಡಿ ದುಬಾರೆಯ ಅಂಗಡಿಗಳಿಗೆ ಕೊಡುತ್ತಾಳೆ. ದುಡಿಮೆ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಮಹಾರಾಣಿಗೆ ಯಾರ ಮೇಲೂ ನಂಬಿಕೆಯಿಲ್ಲ. ನಾನು ಗ್ಯಾಸ್ ಆರಿಸಿ ಬಂದರೆ ಹಿಂದೆಯೇ ಹೋಗಿ ನೋಡುತ್ತಾಳೆ. ಹಾಲು ಕಾಯಿಸಿದ್ದೇನೆ ಅಂದರೆ ಮುಚ್ಚಳ ತೆಗೆದು ನೋಡುತ್ತಾಳೆ. ಈಗ ನನ್ನ ಮಾತ್ರೆ ಎಣಿಸುವುದಕ್ಕೂ ಶುರು ಮಾಡಿದ್ದಾಳೆ. "ಅತ್ತಿಗೆ, ಬೆಳಿಗ್ಗೆದು ಒಂದು ಉಳಿದಿದೆ" ಅಂತ ಬಾಗಿಲಲ್ಲಿ ನಿಂತು ಹೇಳಿದಾಗ ಮೈ ಉರಿದುಹೋಯಿತು. "ನಾನು ಸಣ್ಣ ಮಗುವಾ?" ಅಂದೆ. "ಸಣ್ಣ ಮಕ್ಕಳಾದ್ರೆ ಹೇಳಿದ್ದು ಕೇಳ್ತಾವೆ" ಅಂದಳು.

ನಮ್ಮ ಮನೆಯವರು ಹಾಗಲ್ಲ. ಎಸ್ಟೇಟಿನ ಜೀಪ್ ಓಡಿಸುವ ಬೆಳ್ಳಿಯಪ್ಪ ಅಂದರೆ ಊರಿಗೇ ಗೊತ್ತು, ಜೋರು ಮಾತಿಲ್ಲದ ಮನುಷ್ಯ. ನಾನು ಹೇಳಿದ್ದಕ್ಕೆಲ್ಲ "ಆಯ್ತು ಬಿಡು" ಅನ್ನುತ್ತಾರೆ. ಮನೆಯಲ್ಲಿ ಒಬ್ಬರಾದರೂ ಹಾಗಿರಬೇಕು.

ಜೂನ್ 26, ಗುರುವಾರ

ಜ್ವರ. ಇಂಜೆಕ್ಷನ್ ಕೊಡಲಿಲ್ಲ. ಜುಲೈ ಕೊನೆಗೆ ಆಗಬೇಕಿದ್ದ ಮಜ್ಜೆಯ ಟ್ರಾನ್ಸ್‌ಪ್ಲಾಂಟ್ ಮುಂದೆ ಹೋಯಿತು. ಬರೆಯಲು ಮನಸ್ಸಿಲ್ಲ.

ಜುಲೈ 17, ಗುರುವಾರ

ಇವತ್ತಿನಿಂದ ನಮ್ಮ ಕೊಡಗಿನ ಕಕ್ಕಡ ಮಾಸ, ಜಡಿಮಳೆಯ ತಿಂಗಳು. ಒಳ್ಳೆಯ ಸುದ್ದಿಯೂ ಇವತ್ತೇ.

ರಕ್ತದಲ್ಲಿ ಕೆಟ್ಟ ಪ್ರೋಟೀನಿನ ಲೆಕ್ಕ ನಾಲ್ಕೂವರೆ ಗ್ರಾಮಿನಿಂದ ಅರ್ಧ ಗ್ರಾಮಿಗೆ ಇಳಿದಿದೆ. ಡಾಕ್ಟರ್ ಅನುಶ್ರೀಯ ಮುಖದಲ್ಲಿ ನಗು ನೋಡಿದ್ದು ಇದೇ ಮೊದಲು. ಆಗಸ್ಟ್ 18ಕ್ಕೆ ಟ್ರಾನ್ಸ್‌ಪ್ಲಾಂಟಿಗೆ ದಾಖಲಾಗಬೇಕು. ನನ್ನದೇ ಸ್ಟೆಮ್ ಸೆಲ್ ಮೊದಲು ತೆಗೆದಿಡುತ್ತಾರೆ. ಆಮೇಲೆ ಜೋರಾದ ಮದ್ದು ಕೊಟ್ಟು ಮಜ್ಜೆ ಖಾಲಿ ಮಾಡುತ್ತಾರೆ. ಆಮೇಲೆ ತೆಗೆದಿಟ್ಟದ್ದನ್ನು ವಾಪಸ್ ಬಿಡುತ್ತಾರೆ. ಮೂರು ವಾರ ಒಂದೇ ಕೋಣೆ, ಜೊತೆಗೆ ಮನೆಯಿಂದ ಒಬ್ಬರು ಮಾತ್ರ.

"ಪೂರ್ತಿ ಹೋಗ್ತದಾ?" ಅಂತ ಕೇಳಿದೆ.

"ಪೂರ್ತಿ ಅಂತ ನಾನು ಮಾತು ಕೊಡಲ್ಲಮ್ಮ. ವರ್ಷಗಟ್ಟಲೆ ಸುಮ್ಮನಿರಿಸಬಹುದು. ಈಗ ಲೆಕ್ಕ ಇಳಿದಿದೆ, ಆದರೆ ಮಜ್ಜೆಯ ಸಂದಿಗಳಲ್ಲಿ ಕೆಲವು ಇನ್ನೂ ಅಡಗಿರ್ತಾವೆ. ಅಲ್ಲಿ ಅವಕ್ಕೆ ಊಟ ಉಂಟು, ರಕ್ಷಣೆ ಉಂಟು. ಸುಮ್ಮನೆ ಬಿಟ್ರೆ ಮತ್ತೆ ಬೆಳೀತಾವೆ. ಅದಕ್ಕೇ ಇಳಿದಿರುವಾಗಲೇ ಮಾಡೋದು."

ದಾರಿಯುದ್ದಕ್ಕೂ ಅದೇ ಮಾತು ತಲೆಯಲ್ಲಿ. ಹುಣಸೂರು ದಾಟುವವರೆಗೂ ಬೆನ್ನಿನ ಮೂಳೆಯೊಳಗೆ ಯಾರೋ ಕೂತು ಉಣ್ಣುತ್ತಿದ್ದಾರೆ ಅನ್ನಿಸುತ್ತಿತ್ತು. ಇನ್ನು ಒಂದು ದಿನವೂ ಮುಂದೆ ಹೋಗಬಾರದು. ಮತ್ತೆ ಜ್ವರ ಬಂದರೂ ಯಾರಿಗೂ ಹೇಳುವುದಿಲ್ಲ.

ಬಾಯಿರುಚಿ ಪೂರ್ತಿ ಹೋಗಿದೆ. ಮೂಗಿಗೂ ಏನೂ ಗೊತ್ತಾಗುವುದಿಲ್ಲ. ಮೀನು ಸಾರೂ ಒಂದೇ, ಗಂಜಿಯೂ ಒಂದೇ.

ಆಗಸ್ಟ್ 3, ಭಾನುವಾರ

ಕಕ್ಕಡ ಹದಿನೆಂಟು. ನಮ್ಮ ಮನೆಯವರು ಬೆಳಿಗ್ಗೆಯೇ ನೀರಿನ ತೋಡಿನ ಬದಿಗೆ ಹೋಗಿ ಮದ್ದುಸೊಪ್ಪು ಕೊಯ್ದು ತಂದರು. ದಿನಕ್ಕೊಂದರಂತೆ ಮದ್ದು ಸೇರಿ ಇವತ್ತಿಗೆ ಆ ಗಿಡದಲ್ಲಿ ಹದಿನೆಂಟು ಮದ್ದು ತುಂಬಿರುತ್ತದೆ. ನಾಳೆಯಿಂದ ಅದು ಬರೀ ಗಿಡ. ಕುದಿಸಿದ ನೀರು ನೇರಳೆ ಬಣ್ಣಕ್ಕೆ ತಿರುಗಿತು. ಅದರಲ್ಲೇ ಅಕ್ಕಿ, ಬೆಲ್ಲ, ಕಾಯಿಹಾಲು ಹಾಕಿ ನಾದಿನಿ ಪಾಯಸ ಮಾಡಿದಳು. "ಮನೆಯೆಲ್ಲ ಘಮಘಮ" ಅಂದರು ರುದ್ರಮ್ಮ. ಹಾಸನದ ಕಡೆಯಿಂದ ಬಂದು ಮೂವತ್ತು ವರ್ಷವಾದರೂ ಅವರಿಗೆ ಇದು ಇನ್ನೂ ಸೋಜಿಗ. ನನಗೆ ಘಮವೂ ಇಲ್ಲ, ರುಚಿಯೂ ಇಲ್ಲ. ಆದರೂ ಎರಡು ಬಟ್ಟಲು ತಿಂದೆ. ಐವತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿಸಿದವಳಲ್ಲ.

ಆಗಸ್ಟ್ 4, ಸೋಮವಾರ

ಬೆಳಿಗ್ಗೆ ಮೂತ್ರ ಕೆಂಪು. ಮದ್ದುಸೊಪ್ಪು ತಿಂದ ಮರುದಿನ ಕೊಡಗಿನಲ್ಲಿ ಯಾರದ್ದು ಕೆಂಪಿಲ್ಲ? ನಮ್ಮವರು ಹೊರಗೆ ಬಂದು "ನಂದು ಒಳ್ಳೆ ವೈನ್ ಆಗಿದೆ" ಅಂದರು. ತುಂಬ ದಿನದ ಮೇಲೆ ಎಲ್ಲರೂ ನಕ್ಕೆವು.

ಆಗಸ್ಟ್ 5, ಮಂಗಳವಾರ

ಮನೆಯವರೆಲ್ಲರದ್ದೂ ಸರಿಯಾಗಿದೆಯಂತೆ. ನನ್ನದು ಇನ್ನೂ ಕೆಂಪು. ಎರಡು ಬಟ್ಟಲು ತಿಂದೆನಲ್ಲ, ಅದಕ್ಕೇ ಇರಬೇಕು.

ಆಗಸ್ಟ್ 6, ಬುಧವಾರ

ಇವತ್ತೂ ಕೆಂಪು. ಉರಿ ಬೇರೆ. ಒಂದು ಸಲ ಬೀನ್ಸ್ ಬೀಜದಷ್ಟು ಗಟ್ಟಿ ರಕ್ತವೂ ಬಿತ್ತು.

ಮದ್ದುಸೊಪ್ಪಿನ ಬಣ್ಣ ಒಂದು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ನನಗೆ ಗೊತ್ತಿಲ್ಲದ್ದೇನಲ್ಲ. ಗುರುವಾರದ ಮಾತ್ರೆ ಶುರು ಮಾಡಿದ ದಿನವೇ ಡಾಕ್ಟರ್ ಅನುಶ್ರೀ ಹೇಳಿದ್ದಳು, ಮೂತ್ರ ಕೆಂಪಾದರೆ ಅವತ್ತೇ ಫೋನ್ ಮಾಡಿ ಅಂತ. ಫೋನ್ ಮಾಡಿದರೆ ಏನಾಗುತ್ತದೆ ಅಂತಲೂ ಗೊತ್ತು. ಮತ್ತೆ ಮುಂದೂಡುತ್ತಾರೆ. ಒಳಗೆ ಅಡಗಿ ಕೂತವು ಮತ್ತೆ ಉಂಡು ಬೆಳೆಯುತ್ತವೆ. ಇನ್ನು ಹನ್ನೆರಡೇ ದಿನ. ಹನ್ನೆರಡು ದಿನ ಬಾಯಿ ಮುಚ್ಚಿಕೊಂಡಿದ್ದರೆ ಗೆದ್ದ ಹಾಗೆ.

ಸಂಜೆ ನಮ್ಮವರು ಬಾತ್‌ರೂಮಿನ ನೆಲದ ಮೇಲೆ ಒಂದು ತೊಟ್ಟು ನೋಡಿದರು. "ಯಮುನಾ, ಇದೇನು?" ಅಂದರು. ಫ್ರಿಜ್ಜಿನಲ್ಲಿದ್ದ ಪಾಯಸ ನಿನ್ನೆಯೂ ತಿಂದೆ, ಅದರದ್ದು ಅಂದೆ. ಒಂದು ಗಳಿಗೆ ನನ್ನ ಮುಖ ನೋಡಿದರು. "ಆಯ್ತು ಬಿಡು" ಅಂದರು.

ಆಗಸ್ಟ್ 7, ಗುರುವಾರ

ಮೈಸೂರು. ಡಾಕ್ಟರ್ ಅನುಶ್ರೀ ರಜೆಯಲ್ಲಿದ್ದಳು. ನರ್ಸ್ ಎಂದಿನಂತೆ ಕೇಳಿದಳು, ಜ್ವರ, ವಾಂತಿ, ರಕ್ತ ಏನಾದರೂ ಉಂಟಾ ಅಂತ. ಏನೂ ಇಲ್ಲ ಅಂದೆ. ಆಸ್ಪತ್ರೆಯ ನೋಟ್‌ಬುಕ್ಕಿನಲ್ಲೂ ಹಾಗೇ ಬರೆದಿದ್ದೆ. ಇಂಜೆಕ್ಷನ್ ಕೊಟ್ಟಳು. ಮಾತ್ರೆ ನುಂಗಿದೆ.

ನೋಟ್‌ಬುಕ್ಕಿನಲ್ಲಿ ಸುಳ್ಳು ಬರೆದದ್ದು ಇದೇ ಮೊದಲು. ಮಕ್ಕಳ ತೂಕ ಒಂದು ಗ್ರಾಂ ಹೆಚ್ಚು ಕಡಿಮೆ ಬರೆದವಳಲ್ಲ ನಾನು.

ಆಗಸ್ಟ್ 8, ಶುಕ್ರವಾರ

ಮಹಾರಾಣಿ ಫ್ರಿಜ್ ತೆಗೆದು ನೋಡಿದ್ದಾಳೆ. ಪಾಯಸದ ಪಾತ್ರೆ ಭಾನುವಾರವೇ ತೊಳೆದಿಟ್ಟಿದ್ದು ಅಂತ ಅಣ್ಣನ ಎದುರೇ ಹೇಳಿದಳು. ಉಪಾಯವಿಲ್ಲದೆ ಅಂದೆ, "ರುದ್ರಮ್ಮನ ಮನೆಗೆ ಕೊಟ್ಟದ್ದು ಉಳಿದಿತ್ತು, ಅಲ್ಲಿ ತಿಂದೆ. ಮೈಗೆ ಒಳ್ಳೇದಾಗ್ತಿದೆ. ನಾಳೆ ಇನ್ನೊಂದು ಸಲ ಮಾಡು ನೋಡುವ."

"ಕಕ್ಕಡ ಹದಿನೆಂಟು ಕಳೆದ್ಮೇಲೆ ಯಾರತ್ತಿಗೆ ಮದ್ದುಸೊಪ್ಪು ತಿಂತಾರೆ? ಅದ್ರಲ್ಲಿ ಎಂತ ಉಂಟು ಈಗ?"

"ನನಗೆ ಬೇಕು. ಕಾಯಿಲೆಯವಳು ಬಾಯಿಬಿಟ್ಟು ಕೇಳಿದ್ರೆ ಅಷ್ಟೂ ಮಾಡಲ್ವಾ?"

ನನಗೇ ನಾಚಿಕೆಯಾಗುವ ಮಾತು. ಆದರೆ ಕೆಲಸ ಮಾಡಿತು. ನಮ್ಮವರು "ಪಾಪ, ಮಾಡಿಕೊಡು ಮಾಲತಿ" ಅಂದರು. ಇನ್ನು ಮೂರು ನಾಲ್ಕು ದಿನಕ್ಕೆ ಕೆಂಪಿಗೆ ಕಾರಣ ಸಿಕ್ಕಿತು.

ಆಗಸ್ಟ್ 9, ಶನಿವಾರ

ಪಾಯಸ ಮಾಡಿ ತಂದಳು. ಅದೇ ಬಣ್ಣ. ಎರಡು ಲೋಟ ಕುಡಿದೆ. ತಾನೂ ಎದುರಿಗೆ ಕೂತು ಎರಡು ಲೋಟ ಕುಡಿದಳು. ಯಾವತ್ತೂ ಇಲ್ಲದ ಪ್ರೀತಿ. ಇಡೀ ದಿನ ಮಲಗಿದ್ದೆ. ಎದ್ದರೆ ಕಣ್ಣು ಕತ್ತಲೆ.

ಆಗಸ್ಟ್ 10, ಭಾನುವಾರ

ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ.

ಬೆಳಿಗ್ಗೆ ಬಾತ್‌ರೂಮಿನಲ್ಲಿದ್ದಾಗ ಬಾಗಿಲು ಬಡಿದಳು. "ಅತ್ತಿಗೆ, ನೀರು ಹಾಕ್ಬೇಡಿ. ಚಿಲ್ಕ ತೆಗೀರಿ." ಬಾಯಿಗೆ ಬಂದ ಹಾಗೆ ಬೈದೆ. ಅವಳು ಕದಲಲಿಲ್ಲ. ನಿಲ್ಲಲು ಆಗದೆ ನಾನೇ ಚಿಲಕ ತೆಗೆಯಬೇಕಾಯಿತು. ಬಂದು ನೋಡಿದಳು. ಅವಳ ಮುಖ ಸುಣ್ಣದ ಹಾಗಾಯಿತು.

"ನಿನ್ನೆ ಪಾಯಸಕ್ಕೆ ನಾನು ಸೊಪ್ಪೇ ಹಾಕಿಲ್ಲ" ಅಂದಳು. "ಕೇಕಿಗೆ ಹಾಕೋ ಬಣ್ಣ, ಎರಡು ತೊಟ್ಟು. ನಿಮಗೆ ವಾಸನೆ ಗೊತ್ತಾಗಲ್ಲ ಅಂತ ಗೊತ್ತಿತ್ತು."

"ಹಾಗಾದ್ರೆ ಆ ಹಾಳು ಬಣ್ಣಕ್ಕೇ ಕೆಂಪಾಗಿರ್ಬೇಕು!"

"ನಾನೂ ಎರಡು ಲೋಟ ಕುಡ್ದಿದ್ದೇನೆ. ನಂದು ನೋಡ್ತೀರಾ?"

ಅವಳು ಅಲ್ಲಿಂದಲೇ ಕೂಗಿದಳು, "ಅಣ್ಣಾ, ಜೀಪ್ ತೆಗಿ!" ಡಾಕ್ಟರಿಗೆ ಆಗಲೇ ಫೋನ್ ಮಾಡಿಯಾಗಿತ್ತಂತೆ. ನಮ್ಮವರು ಚಪ್ಪಲಿಯನ್ನೂ ಹಾಕದೆ ಓಡಿದರು. ಮೈಸೂರಿನವರೆಗೂ ಹಿಂದಿನ ಸೀಟಿನಲ್ಲಿ ನನ್ನ ತಲೆ ಅವಳ ತೊಡೆಯ ಮೇಲಿತ್ತು. ಬೇರೆ ಎಲ್ಲೂ ಇಡಲು ಜಾಗವಿರಲಿಲ್ಲ.

ಆಗಸ್ಟ್ 12, ಮಂಗಳವಾರ

ಮೂತ್ರಕ್ಕೆ ನಳಿಗೆ ಹಾಕಿದ್ದಾರೆ. ಮೂತ್ರಕೋಶ ತೊಳೆಯುತ್ತಲೇ ಇದ್ದಾರೆ. ಎರಡು ಬಾಟಲಿ ರಕ್ತ ಕೊಟ್ಟರು. ಆ ಗುರುವಾರದ ಮಾತ್ರೆಯಿಂದ ಮೂತ್ರಕೋಶದ ಒಳಪದರ ಸುಟ್ಟು ರಕ್ತ ಒಸರುತ್ತಿತ್ತಂತೆ, ಹೆಪ್ಪುಗಟ್ಟಿದ್ದು ಅಡ್ಡ ನಿಂತು ಕಿಡ್ನಿಗೂ ಏಟಾಗಿದೆ.

ಡಾಕ್ಟರ್ ಅನುಶ್ರೀ ಹಾಸಿಗೆಯ ಬದಿಯಲ್ಲೇ ಕೂತಳು. "ಗುರುವಾರವೂ ನುಂಗಿದ್ರಾ?"

"ಹೂಂ."

"ಯಾಕಮ್ಮ?"

ಹೇಳಿದೆ. ಅಡಗಿ ಕೂತವು ಬೆಳೆಯುತ್ತವೆ ಅಂತ ನೀನೇ ಹೇಳಿದ್ದಲ್ಲ, ಅದಕ್ಕೆ ಅಂದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ.

"ಅರ್ಧ ಕೇಳಿಸ್ಕೊಂಡ್ರಿ" ಅಂದಳು ಡಾಕ್ಟರ್. "ಬೇರೆ ಮಾತ್ರೆ ಕೊಟ್ಟು ಐದಾರು ವಾರ ಅವುಗಳನ್ನ ಹಿಡಿದಿಡೋಕೆ ಪ್ರಯತ್ನ ಮಾಡಬಹುದು. ಆದ್ರೆ ಈ ಕಿಡ್ನಿ, ಈ ಮೂತ್ರಕೋಶ ಇಟ್ಕೊಂಡು ಆ ದೊಡ್ಡ ಮದ್ದು ಕೊಟ್ಟಿದ್ರೆ ನೀವು ಮನೆಗೆ ಹೋಗ್ತಿರಲಿಲ್ಲ. ಕಿಡ್ನಿ ಮೊದಲಿನ ಹಾಗೆ ಆದ್ರೆ ಮಾತ್ರ ಟ್ರಾನ್ಸ್‌ಪ್ಲಾಂಟ್. ಆಗದಿದ್ರೆ ಇಲ್ಲ."

ಅವಳು ಹೋದ ಮೇಲೆ ನಮ್ಮವರು ಕಿಟಕಿಯ ಕಡೆ ನೋಡುತ್ತ ಅಂದರು, "ನಂಗೆ ಗೊತ್ತಿತ್ತು ಯಮುನಾ. ಬುಧವಾರವೇ ಗೊತ್ತಿತ್ತು. ಪಾಯಸದ ಬಣ್ಣ ಹಾಗಿರಲ್ಲ. ನೀನು ಹೇಳಿದ್ದು ನಂಬಿದ್ರೆ ಹೆದರಬೇಕಾಗಿರಲಿಲ್ಲ, ಅದಕ್ಕೆ ನಂಬಿದೆ."

ಮೂವತ್ತು ವರ್ಷದಲ್ಲಿ ಅವರ ಕಣ್ಣಲ್ಲಿ ನೀರು ನೋಡಿದ್ದು ಎರಡನೇ ಸಲ. ಬೈಯಬೇಕು ಅನ್ನಿಸಿತು. ಬೈಯಲಾಗಲಿಲ್ಲ. ಅವರೇನು ಕೆಟ್ಟವರಲ್ಲ. ನಾನು ಕೇಳಿದ್ದನ್ನು ಕೊಟ್ಟರು, ಅಷ್ಟೇ.

ಆಗಸ್ಟ್ 18, ಸೋಮವಾರ

ಇವತ್ತು ದಾಖಲಾಗಬೇಕಿತ್ತು. ಅದರ ಬದಲು ಡಿಸ್ಚಾರ್ಜ್ ಆಗಿ ಮನೆಗೆ ಬಂದೆ. ನಾದಿನಿಯ ಜೊತೆ ಮಾತಿಲ್ಲ. ಕಾಯಿಲೆಯವಳಿಗೆ ಬಣ್ಣದ ನೀರು ಕುಡಿಸಿ ಪರೀಕ್ಷೆ ಮಾಡಿದವಳು ಅವಳು. ಮೊದಲು ಸುಳ್ಳು ಹೇಳಿದ್ದು ನಾನು, ಸರಿ. ಆದರೂ.

ಆಗಸ್ಟ್ 24, ಭಾನುವಾರ

ಹೊಸ ಮಾತ್ರೆ ಮೈಗೆ ಒಗ್ಗಿದೆ. ದಿನಕ್ಕೆ ಮೂರು ಲೀಟರ್ ನೀರು. ಒಂದು ಲೀಟರಿನ ಮೂರು ಬಾಟಲಿ ತುಂಬಿಸಿ ನಾದಿನಿ ಬೆಳಿಗ್ಗೆಯೇ ಮಂಚದ ಬಳಿ ಇಡುತ್ತಾಳೆ. ಮಧ್ಯಾಹ್ನ ಒಂದನ್ನು ಕಿಟಕಿಯಿಂದ ಸೇವಂತಿಗೆ ಗಿಡಕ್ಕೆ ಸುರಿಯೋಣ ಅಂತ ಎದ್ದೆ. ಹೊರಗೆ ಬಟ್ಟೆ ಒಣಗಿಸುತ್ತಿದ್ದವಳು ತಿರುಗಿ ನೋಡಿದಳು. ನಾನು ವಾಪಸ್ ಬಂದು ಕುಡಿದೆ.

ರಾತ್ರಿ ಅನ್ನಕ್ಕೆ ಹುಳಿ ಸಾರು ಹಾಕಿಕೊಂಡಾಗ ನಾಲಿಗೆಯ ಬದಿಯಲ್ಲಿ ಒಂದಿಷ್ಟು ಹುಳಿ ಗೊತ್ತಾಯಿತು. "ಮಾಲತಿ, ಹುಳಿ ಜಾಸ್ತಿ" ಅಂದೆ. ಆರು ದಿನದಲ್ಲಿ ಆಡಿದ ಮೊದಲ ಮಾತು. "ಗೊತ್ತಾಯ್ತಾ ಹಾಗಾದ್ರೆ?" ಅಂದವಳು ಎದ್ದು ಒಳಗೆ ಹೋದಳು. ತುಂಬ ಹೊತ್ತು ಹೊರಗೆ ಬರಲಿಲ್ಲ. ಕೇಕಿನ ಕೆಲಸ ಇತ್ತೇನೋ.

ಸೆಪ್ಟೆಂಬರ್ 4, ಗುರುವಾರ

ಕಿಡ್ನಿ ಸುಧಾರಿಸುತ್ತಿದೆ, ಇನ್ನೂ ಸಾಲದು. ಆಸ್ಪತ್ರೆಯ ನೋಟ್‌ಬುಕ್ಕಿನಲ್ಲಿ ಹಿಂದಿನ ತಿಂಗಳ ಸುಳ್ಳನ್ನೆಲ್ಲ ಹೊಡೆದುಹಾಕಿ ಪಕ್ಕದಲ್ಲಿ ನಿಜ ಬರೆದು ಡಾಕ್ಟರಿಗೆ ತೋರಿಸಿದೆ. ತಾರೀಕು ಸಮೇತ ನೆನಪಿಸಿಕೊಟ್ಟವಳು ಮಾಲತಿ. ಜುಲೈಯಲ್ಲಿ ನಾನು ಬರೆಯದೆ ಖಾಲಿ ಬಿಟ್ಟ ಎರಡು ದಿನ ನೂರು ಡಿಗ್ರಿ ಜ್ವರವಿತ್ತು ಅನ್ನುವುದೂ ಅವಳಿಗೆ ಗೊತ್ತಿತ್ತು. ಅದನ್ನು ಈ ಪುಸ್ತಕಕ್ಕೂ ನಾನು ಹೇಳಿರಲಿಲ್ಲ.

ಸೆಪ್ಟೆಂಬರ್ 18, ಗುರುವಾರ

ಕಿಡ್ನಿ ಸರಿಯಾಗಿದೆ. ಮಜ್ಜೆ ತೆಗೆದು ನೋಡಿದರು, ಕೆಟ್ಟ ಸೆಲ್‌ಗಳು ಬೆಳೆದಿಲ್ಲ, ಜುಲೈಗಿಂತ ಒಂದಿಷ್ಟು ಕಡಿಮೆಯೇ ಇವೆ. "ಇಪ್ಪತ್ತೊಂಬತ್ತಕ್ಕೆ ಟ್ರಾನ್ಸ್‌ಪ್ಲಾಂಟಿಗೆ ಬನ್ನಿ" ಅಂದಳು ಡಾಕ್ಟರ್ ಅನುಶ್ರೀ.

ನರ್ಸ್ ಫಾರಂ ತಂದಳು. ಜೊತೆಗಿರುವವರ ಹೆಸರು, ವಯಸ್ಸು, ಸಂಬಂಧ. ನಮ್ಮವರು ಜೇಬಿನಿಂದ ಪೆನ್ನು ತೆಗೆದರು. ಎಸ್ಟೇಟಿನಲ್ಲಿ ರಜೆಗೆ ಆಗಲೇ ಹೇಳಿದ್ದರು. "ಕೊಡಿ ಇಲ್ಲಿ" ಅಂತ ಪೆನ್ನು ತೆಗೆದುಕೊಂಡು ನಾನೇ ಬರೆದೆ. ಮಾಲತಿ, ನಲವತ್ತಾರು, ನಾದಿನಿ.

ಅವರ ಮುಖ ಸಣ್ಣದಾಯಿತು. "ನಾನಿರ್ತೇನೆ ಅಂದಿದ್ದೆ ಅಲ್ವಾ?"

"ನೀವು ನಾನು ಹೇಳಿದ್ದೆಲ್ಲ ನಂಬ್ತೀರಿ" ಅಂದೆ. ಅವರ ಕೈ ಹಿಡಿದುಕೊಂಡೇ ಹೇಳಿದೆ. ಅವರಿಗೆ ಅರ್ಥವಾಯಿತು. ತಲೆಯಾಡಿಸಿದರು.

ಹಿಂದಿನ ಬೆಂಚಿನಲ್ಲಿ ಕೂತಿದ್ದ ಮಾಲತಿ ಎದ್ದು ಬಂದು ಫಾರಂ ಓದಿದಳು. "ನನ್ನನ್ನ ಕೇಳದೆ ಬರೆದ್ರಾ?"

"ಈಗ ಕೇಳ್ತಿದ್ದೇನೆ."

"ಮೂರು ವಾರ ಒಂದೇ ಕೋಣೆ. ನೀವು ದಿನಕ್ಕೆ ನೂರು ಸಲ ಬೈತೀರಿ."

"ಬೈತೇನೆ. ಅದು ಬಿಡೋಕಾಗಲ್ಲ."

"ಬೈರಿ. ಆದ್ರೆ ಪ್ರತಿ ಸಲ ನಾನು ಒಳಗೆ ಬಂದು ನೋಡಿದ ಮೇಲೇ ನೀರು ಹಾಕೋದು. ನಾಚಿಕೆ ಗೀಚಿಕೆ ಅಂತ ಬಾಗಿಲು ಹಾಕ್ಕೊಂಡ್ರೆ ನಾನು ಆವತ್ತೇ ಬಸ್ಸು ಹತ್ತೋದು."

ನರ್ಸ್ ಬೇರೆ ಕಡೆ ನೋಡಿದಳು. ಸುತ್ತಲಿನವರೆಲ್ಲ ಕೇಳಿಸಿಕೊಳ್ಳುತ್ತಿದ್ದರು.

"ಹಾಕಲ್ಲ ಮಾರಾಯ್ತಿ" ಅಂದೆ. "ಬಂದು ನೋಡು."